ಲ್ಯಾಟರೈಟ್‌ನೊಳಗಿನ ಇಟ್ಟಿಗೆ

ಭೂವಿಜ್ಞಾನದ ಪದಗಳಿಗೆ ಕನ್ನಡದಲ್ಲಿ ಟಿಪ್ಪಣಿ ಬರೆಯಲು ಕುಳಿತಾಗ ‘ಲ್ಯಾಟರೈಟ್’ ಸುಲಭದ ಪದವೆಂದುಕೊಂಡಿದ್ದೆ. ಕರಾವಳಿಯವನಾದ ನನಗೆ ಅದು ಮನೆಯ ಗೋಡೆಯ ಕಲ್ಲು, ನಮ್ಮ ಮುರಕಲ್ಲು. ಲ್ಯಾಟಿನ್ ನಿಘಂಟು ತೆರೆದೆ. ‘ಲಾಟೆರಿಸ್’ ಎಂಬ ರೂಪ ಕಣ್ಣಿಗೆ ಬಿತ್ತು. ಅರ್ಥ, ‘ಬದಿಯ’. ಹಾಗೆಯೇ ಬರೆದುಕೊಂಡೆ.

ಮರುದಿನ ಓದಿದಾಗ ಮನಸ್ಸು ಒಪ್ಪಲಿಲ್ಲ. ಕಲ್ಲಿಗೂ ಬದಿಗೂ ಎತ್ತಣ ಸಂಬಂಧ? ಮತ್ತೆ ಹುಡುಕಿದೆ. ಲ್ಯಾಟಿನ್‌ನಲ್ಲಿ ‘ಲಾಟುಸ್’ ಎಂದರೆ ಬದಿ, ‘ಲಾಟೆರ್’ ಎಂದರೆ ಇಟ್ಟಿಗೆ. ಷಷ್ಠೀ ವಿಭಕ್ತಿಯಲ್ಲಿ ಎರಡೂ ‘ಲಾಟೆರಿಸ್’ ಆಗುತ್ತವೆ. ನಾನು ಎಡವಿದ್ದು ಅಲ್ಲೇ. ಅಂದಿನಿಂದ ನಿಘಂಟಿಗೇ ನಿಲ್ಲುವುದಿಲ್ಲ; ಪದವನ್ನು ಟಂಕಿಸಿದವರು ಏನು ಬರೆದಿದ್ದಾರೆಂದು ನೋಡದೆ ಟಿಪ್ಪಣಿ ಮುಗಿಸುವುದಿಲ್ಲ.

ಈ ಪದವನ್ನು ಟಂಕಿಸಿದವನು ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಮೈಸೂರು, ಕೆನರಾ, ಮಲಬಾರ್ ಸೀಮೆಗಳ ಪರಿಶೀಲನೆಗೆ ಹೊರಟವನು. 1807ರಲ್ಲಿ ಅಚ್ಚಾದ ಅವನ ಪ್ರವಾಸ ಕಥನದಲ್ಲಿ, ಈಗಿನ ಕೇರಳದ ಅಂಗಾಡಿಪುರಂ ಬಳಿ ಕಂಡ ಕಲ್ಲಿನ ವಿವರವಿದೆ: ಮೈತುಂಬ ರಂಧ್ರಗಳು, ಕೆಂಪು–ಹಳದಿ ಕಾವಿಯಂಥ ಕಬ್ಬಿಣದಂಶ, ನೆಲದೊಳಗಿರುವಾಗ ಕತ್ತಿಗೆ ಸಿಗುವಷ್ಟು ಮೆದು, ಗಾಳಿಗೆ ಬಂದ ಮೇಲೆ ಬೇಗನೆ ಇಟ್ಟಿಗೆಯಷ್ಟು ಗಟ್ಟಿ. ನಮ್ಮ ಊರಿನ ಕೋರೆಯಲ್ಲಿ ಹಸಿಗಲ್ಲನ್ನು ಉಗುರಿನಿಂದ ಗೀರಿದವನು ನಾನು. ಉಗುರಿನ ಸಂದಿಯಲ್ಲಿ ಕೆಂಪು ಹಿಟ್ಟು ಉಳಿದಿತ್ತು. ಅದೇ ಕಲ್ಲು ಅಂಗಳದಲ್ಲಿ ಒಣಗಿದ ಮೇಲೆ ಗೀರಿದರೆ ಉಗುರೇ ಸವೆಯಿತು. ಇನ್ನೂರು ವರ್ಷದ ಹಿಂದಿನ ಆ ಸಾಲುಗಳನ್ನು ನಂಬಲು ನನಗೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಆದರೆ ನನ್ನನ್ನು ನಿಜವಾಗಿ ತಡೆದು ನಿಲ್ಲಿಸಿದ್ದು ಮುಂದಿನ ಮಾತು. ಇಲ್ಲಿನ ಹಲವು ನುಡಿಗಳಲ್ಲಿ ಇದನ್ನು ‘ಇಟಿಕ ಕಲ್ಲು’ ಎನ್ನುತ್ತಾರೆಂದು ಅವನೇ ದಾಖಲಿಸಿದ್ದಾನೆ. ಇಟ್ಟಿಗೆಯ ಕಲ್ಲು! ಜನರ ಬಾಯಲ್ಲಿದ್ದ ಹೆಸರು ಲ್ಯಾಟಿನ್ ಉಡುಗೆ ತೊಟ್ಟು ವಿಜ್ಞಾನಕ್ಕೆ ಹೋಗಿದೆ ಎಂದೇ ನಾನು ತಿಳಿಯುತ್ತೇನೆ. ಕನ್ನಡದ ‘ಜಂಬಿಟ್ಟಿಗೆ’ಯಲ್ಲೂ ಅದೇ ಇಟ್ಟಿಗೆ ಕುಳಿತಿದೆ. ಆ ಇಟ್ಟಿಗೆಯ ಬೇರು ಸಂಸ್ಕೃತದ ‘ಇಷ್ಟಕಾ’ದಲ್ಲಿದೆ ಎಂಬುದು ಬೇರೆ ಮಾತು.

‘ಬದಿಯ ಕಲ್ಲು’ ಎಂದಿದ್ದ ಸಾಲನ್ನು ಹೊಡೆದುಹಾಕಿ, ಮುಖ್ಯ ಪದವಾಗಿ ‘ಜಂಬಿಟ್ಟಿಗೆ’ ಎಂದು ಬರೆದೆ, ಪಕ್ಕದಲ್ಲಿ ಮುರಕಲ್ಲು. ಲ್ಯಾಟರೈಟ್‌ಗೆ ಮೂರನೆಯ ಜಾಗ ಸಿಕ್ಕಿತು.