ಸಿಲ್ಕ್ ಫಾರಂ ಬೇಲಿ ಪಕ್ಕದ ಮನೆಯವರ ಪತ್ರದಲ್ಲಿತ್ತು

ನಮ್ಮದು ಭಾನುವಾರ ಬಂದರೆ ಹಳೇ ಬೆಂಗಳೂರು ಹುಡುಕಿಕೊಂಡು ಅಲೆಯುವ ಏಳೆಂಟು ಜನರ ಗುಂಪು. ಬಸವನಗುಡಿ ಹತ್ತಿರ ಒಂದು ಕಾಲಕ್ಕಿದ್ದ ಟಾಟಾ ಸಿಲ್ಕ್ ಫಾರಂ ಅನ್ನೋ ರೇಷ್ಮೆ ತೋಟ ಎಲ್ಲಿಂದ ಎಲ್ಲಿವರೆಗೆ ಇತ್ತು ಅಂತ ಗುರುತು ಹಾಕ್ತೀನಿ ಅಂದಾಗ ಎಲ್ಲರೂ ನಕ್ಕರು. "ಉಳಿದಿರೋದು ಬಸ್ ಸ್ಟಾಪಿನ ಹೆಸರು ಒಂದೇ. ಅದನ್ನ ಇಟ್ಕೊಂಡು ಏನು ಅಳೀತೀರಿ?" ಅಂದರು ನಮ್ಮಲ್ಲಿ ಹಿರಿಯರು, ನಿವೃತ್ತ ಸರ್ವೇಯರ್. ಮೂರು ವರ್ಷ ಆಯ್ತು. ನಾಲ್ಕು ದಿಕ್ಕಿನ ಗಡಿಯಲ್ಲಿ ಮೂರು ಕೂಡಿಕೊಂಡಿವೆ. ಮೊನ್ನೆ ಅದೇ ಸರ್ವೇಯರ್ ನನ್ನ ನಕಾಶೆಯ ಜೆರಾಕ್ಸ್ ಕೇಳಿ ಇಸ್ಕೊಂಡು ಹೋದರು.

ಫಾರಂ ಕಥೆ ನಿಮಗೆ ಗೊತ್ತಿರೋದೇ. ಜಮ್‌ಶೆಟ್‌ಜಿ ಟಾಟಾ 1893ರಲ್ಲಿ ಜಪಾನಿಗೆ ಹೋಗಿದ್ದರು. ಅಲ್ಲಿನ ರೇಷ್ಮೆ ಕಸುಬು ತಲೆಯಲ್ಲಿ ಕೂತಿತ್ತು. ಆ ದಶಕ ಮುಗಿಯುವ ಹೊತ್ತಿಗೆ ಇಲ್ಲಿ ಹಿಪ್ಪುನೇರಳೆ ತೋಟ ಎದ್ದಿತ್ತು, ಕಲಿಸೋಕೆ ಜಪಾನಿನಿಂದ ಒಡ್ಜು ದಂಪತಿ ಬಂದಿದ್ದರು. ರೋಗ ತಗುಲಿ ಸೊರಗಿದ್ದ ಮೈಸೂರು ಸೀಮೆಯ ರೇಷ್ಮೆಗೆ ಅದೊಂದು ಹೊಸ ದಾರಿ. ಟಾಟಾ 1904ರಲ್ಲಿ ತೀರಿಕೊಂಡರು. ಕೆಲವೇ ವರ್ಷಕ್ಕೆ ಫಾರಂ ಸಾಲ್ವೇಶನ್ ಆರ್ಮಿ ಅನ್ನೋ ಕ್ರೈಸ್ತ ಸೇವಾ ಸಂಸ್ಥೆಯ ಕೈಗೆ ಹೋಯಿತು. ಆಮೇಲೆ ಇನ್ನೇನು, ಸೈಟು, ಮನೆ, ಅಪಾರ್ಟ್‌ಮೆಂಟು.

ಮೊದಲ ಆರು ತಿಂಗಳು ಮರಗಳ ಹಿಂದೆ ಬಿದ್ದು ಹಾಳು ಮಾಡಿದೆ. ತೋಟ ಇತ್ತು ಅಂದರೆ ಎಲ್ಲಾದರೂ ಒಂದು ಹಳೇ ಹಿಪ್ಪುನೇರಳೆ ಮರ ಉಳಿದಿರಬೇಕು ಅಂತ ಲೆಕ್ಕ. ಒಂದು ಕಾಂಪೌಂಡಿನಲ್ಲಿ ಒಳ್ಳೇ ದಪ್ಪ ಮರ ಸಿಕ್ಕೇಬಿಡ್ತು. ಫೋಟೋ ತೆಗೆದೆ, ಸುತ್ತಳತೆ ಅಳೆದೆ, ಗೆಳೆಯರಿಗೆಲ್ಲ ಕಳಿಸಿದೆ. ಮನೆಯ ಯಜಮಾನರು ಹೊರಗೆ ಬಂದು, "ಮಗಳು ಸ್ಕೂಲಿನಲ್ಲಿ ಹುಳ ಸಾಕ್ತೀನಿ ಅಂತ ಹಟ ಮಾಡಿದ್ಲು ಸಾರ್, ನಾನೇ ನರ್ಸರಿಯಿಂದ ತಂದು ನೆಟ್ಟೆ" ಅಂದರು. ಮಗಳಿಗೆ ಈಗ ಮೂವತ್ತಿರಬಹುದು.

ಆಮೇಲೆ ದುಡ್ಡು ಕಳೆದೆ. ಫಾರಂ ಇದ್ದ ಕಡೆಯ ಯಡಿಯೂರಿನ ಗ್ರಾಮ ನಕಾಶೆ, ಟಿಪ್ಪಣಿ (ಜಮೀನಿನ ಅಳತೆ ಬರೆದಿಟ್ಟ ಸರ್ವೆ ಕಾಗದ) ತೆಗೆಸಿಕೊಡ್ತೀನಿ ಅಂತ ಒಬ್ಬ ಏಜೆಂಟು ನಾಲ್ಕು ಸಾವಿರ ತಗೊಂಡ. ಎರಡು ತಿಂಗಳು ಸತಾಯಿಸಿ ಕೊಟ್ಟ ನಕಾಶೆ ಬೇರೆ ಹೋಬಳಿಯದು. ಕೊನೆಗೆ ನಾನೇ ಅರ್ಜಿ ಹಾಕಿ, ಸಾಲಿನಲ್ಲಿ ನಿಂತು ತಗೊಂಡೆ. ಆಗಿದ್ದು ಇನ್ನೂರು ಮುನ್ನೂರು ರೂಪಾಯಿ ಖರ್ಚು.

ನಕಾಶೆ ಸಿಕ್ಕಿತು, ಬುದ್ಧಿ ಕೈಕೊಟ್ಟಿತು. ಟಿಪ್ಪಣಿಯಲ್ಲಿ ಅಳತೆ ಇರೋದು ಚೈನು, ಆಣೆಯಲ್ಲಿ. ನಾನು ಇಂಗ್ಲಿಷ್ ಪುಸ್ತಕದ ಚೈನು ಅಂದ್ಕೊಂಡು 66 ಅಡಿ ಹಿಡಿದೆ. ನಮ್ಮ ಸರ್ವೆಯ ಚೈನು 33 ಅಡಿ, ಅದಕ್ಕೆ 16 ಆಣೆ. ಉದ್ದ ಡಬಲ್ ಆಯ್ತು, ಜಾಗ ನಾಲ್ಕು ಪಟ್ಟಾಯ್ತು. ನನ್ನ ಲೆಕ್ಕದ ತೋಟ ಬೆಳೆದೂ ಬೆಳೆದೂ ಲಾಲ್‌ಬಾಗ್ ಬಂಡೆ ಹತ್ತಿ ಕೂತಿತ್ತು. ಇದನ್ನೇ ಪ್ರಿಂಟ್ ಹಾಕಿಸಿ ಗುಂಪಿನಲ್ಲಿ ತೋರಿಸಿದ್ದೆ! ಗುಂಟೆ ಅಂದರೆ 33ಕ್ಕೆ 33 ಅಂತ ಬಾಯಿಪಾಠ ಇದ್ದವನಿಗೆ ಅದು ಹೊಳೀಲಿಲ್ಲ ನೋಡಿ.

ದಾರಿ ಸಿಕ್ಕಿದ್ದು ಒಂದು ಗೃಹಪ್ರವೇಶದ ಊಟದಲ್ಲಿ. ಪಕ್ಕದಲ್ಲಿ ಕೂತವರು ತಮ್ಮ ತಾತನ ಕ್ರಯಪತ್ರದ ಮಾತು ತೆಗೆದರು. ಚಕ್ಕುಬಂದಿಯಲ್ಲಿ, ಅಂದರೆ ಜಾಗದ ನಾಲ್ಕು ಕಡೆ ಏನೇನಿದೆ ಅಂತ ಬರೆಯೋ ಕಡೆ, "ಪಶ್ಚಿಮಕ್ಕೆ ಸಿಲ್ಕ್ ಫಾರಂ ಬೇಲಿ" ಅಂತ ಇದೆಯಂತೆ. ಹೋಳಿಗೆ ಅರ್ಧಕ್ಕೇ ಬಿಟ್ಟೆ. ಅಷ್ಟು ದಿನ ನಾನು ತೋಟದ ಕಾಗದ ಹುಡುಕ್ತಿದ್ದೆ. ಹುಡುಕಬೇಕಾಗಿದ್ದು ಅಕ್ಕಪಕ್ಕದವರ ಕಾಗದ. ತೋಟದವರು ತಮ್ಮ ಬೇಲಿ ಬರೆದಿಟ್ಟಿದ್ದಾರೋ ಇಲ್ಲವೋ, ಪಕ್ಕದಲ್ಲಿ ಜಾಗ ಕೊಂಡವನು ಮಾತ್ರ ಬರೆಸದೆ ಬಿಟ್ಟಿರಲ್ಲ.

ಆದರೆ ಬೆಂಗಳೂರಿನಲ್ಲಿ ಗುರುತಿಲ್ಲದವನಿಗೆ ಮನೆ ಪತ್ರ ಯಾರು ತೋರಿಸ್ತಾರೆ? ಮೊದಲ ಹತ್ತು ಮನೆಯಲ್ಲಿ ಗೇಟಿನಿಂದಲೇ ವಾಪಸ್. ಒಂದು ಕಡೆ ನಾಯಿ ಬಿಟ್ಟರು. ಆಮೇಲೆ ಬಾಗಿಲು ತೆರೆಯೋಕೆ ಶುರುವಾಯ್ತು. ಏನು ಮಾಡಿದೆ ಅನ್ನೋದನ್ನ ಪೂರ್ತಿ ಹೇಳಲ್ಲ. ಹಳೇ ಕೈಬರಹ ಓದಿ, ಟೈಪ್ ಮಾಡಿ ಪುಕ್ಕಟೆ ಕೊಡ್ತಿದ್ದೆ ಅನ್ನೋದು ಅದರಲ್ಲಿ ಅರ್ಧ. ಪತ್ರ ಮನೆಯಿಂದ ಆಚೆ ತರೋದಿಲ್ಲ, ಚಕ್ಕುಬಂದಿ ಬಿಟ್ಟು ಬೇರೆ ಪುಟದ ಫೋಟೋ ತೆಗೆಯೋದಿಲ್ಲ. ಹೀಗೆ ನಲವತ್ತು ಚಿಲ್ಲರೆ ಪತ್ರ ಓದಿದೆ. ಬೇಲಿಯ ಮಾತು ಇದ್ದಿದ್ದು ಹನ್ನೊಂದರಲ್ಲೋ ಹನ್ನೆರಡರಲ್ಲೋ. ಒಂದರಲ್ಲಿ "ಕಂಪನಿ ತೋಟದ ಓಣಿ", ಇನ್ನೊಂದರಲ್ಲಿ ಬರೀ "ಹುಳದ ಮನೆ ಗೋಡೆ". ಆ ಎರಡನ್ನು ಹೊಂದಿಸೋಕೆ ನಾಲ್ಕು ತಿಂಗಳು ಹಿಡೀತು. ಓಣಿ ಇವತ್ತಿಗೂ ಇದೆ, ಎರಡು ಕಡೆ ಸ್ಕೂಟರ್ ನಿಂತಿರ್ತಾವೆ. ಯಾವುದು ಅಂತ ಹೇಳಿದರೆ ನಾಳೆ ನನಗಿಂತ ಮುಂಚೆ ನೀವು ಅಲ್ಲಿರ್ತೀರಿ.

ಎಲ್ಲ ಸೇರಿ ಹದಿನೆಂಟು, ಇಪ್ಪತ್ತು ಸಾವಿರ ಕೈ ಬಿಟ್ಟಿರಬಹುದು. ಜಾಸ್ತಿ ಹೋಗಿದ್ದು ಆಟೋಗೆ. ರಾಮನಗರದ ಮಾರುಕಟ್ಟೆಯಿಂದ ತಂದ ರೇಷ್ಮೆ ಗೂಡಿನ ಖರ್ಚು ಇದರಲ್ಲಿ ಸೇರಿಲ್ಲ. ಅದು ಸುಮ್ನೆ ನನ್ನ ಚಟ. ಒಡ್ಜು ದಂಪತಿ ಕಲಿಸಿದ ಕೆಲಸ ಎಷ್ಟು ಕಷ್ಟ ಅಂತ ನೋಡಬೇಕಿತ್ತು. ಹಳದಿ ಗೂಡು ಒಂದು ಕೇಜಿ ತಂದು ಅಡುಗೆಮನೆಯಲ್ಲೇ ಬೇಯಿಸಿದೆ. ಹಲ್ಲುಜ್ಜೋ ಬ್ರಷ್ಷಿನಲ್ಲಿ ತಿರುವಿದರೆ ಎಳೆ ತುದಿ ಸಿಗುತ್ತೆ, ಎಳೆದರೆ ಪಟ್ ಅಂತ ಕಡಿಯುತ್ತೆ. ನೀರು ತುಸು ಆರಿದ ಮೇಲೆ ಐದಾರು ಎಳೆ ಕೂಡಿಸಿ ಒಂದು ಮಾರು ಬಂತು, ಅಷ್ಟೇ. ವಾಸನೆಗೆ ಮನೆಯವಳು, "ರೀ, ಇದು ನಿಮ್ಮ ಇತಿಹಾಸಾನೋ, ಸತ್ತ ಇಲಿಯೋ?" ಅಂದಳು. ಆ ಪಾತ್ರೆ ಈಗ ಟೆರೇಸಿನಲ್ಲಿದೆ, ಅದರಲ್ಲಿ ಹಿಪ್ಪುನೇರಳೆ ಕಡ್ಡಿ ಚಿಗುರಿದೆ.

ದಕ್ಷಿಣದ ಬೇಲಿ ಇನ್ನೂ ತೆರೆದೇ ಇದೆ. ಆ ಕಡೆ ಒಬ್ಬರು ಅಜ್ಜಿಯ ಮನೆಯಲ್ಲಿ ಕಬ್ಬಿಣದ ಟ್ರಂಕ್ ಇದೆ, ಒಳಗೆ ಮಾವನವರ ಕಾಲದ ಕಾಗದ. ನಾಲ್ಕು ಸಲ ಹೋಗಿ ಬಂದೆ, ನಾಲ್ಕು ಸಲವೂ ಕಾಫಿ ಕೊಟ್ಟರು. "ಕೀಲಿಕೈ ದೊಡ್ಡ ಮಗನ ಹತ್ರ ಇದೆ ಕಣಪ್ಪ, ಅವನು ಯುಗಾದಿಗೆ ಬರ್ತಾನೆ" ಅಂದಿದ್ದಾರೆ. ಹೋದ ವರ್ಷವೂ ಯುಗಾದಿಗೇ ಬರ್ತಾನೆ ಅಂದಿದ್ದರು.