ಮಲ್ಲೇಶ್ವರಕ್ಕೆ ತಿಂಡಿಗೆ ಹೋಗುವವರಿಗೊಂದು ಸಲಹೆ

ಬೆಂಗಳೂರಿನ ಮಲ್ಲೇಶ್ವರವನ್ನು ನೋಡಬಯಸುವವರು ವಾರದ ದಿನದಲ್ಲಿ, ಬೆಳಿಗ್ಗೆ ಬೇಗನೆ, ಮೆಟ್ರೊದಲ್ಲಿ ಬಂದು ಸಂಪಿಗೆ ರಸ್ತೆ ನಿಲ್ದಾಣದಲ್ಲಿ ಇಳಿದು ನಡೆಯುವುದು ಒಳ್ಳೆಯದು. ಇಲ್ಲಿನ ಕ್ರಾಸ್‌ಗಳಲ್ಲಿ ಕಾರು ನಿಲ್ಲಿಸಲು ಜಾಗ ಸಿಗುವುದು ಕಷ್ಟ. 7ನೇ ಕ್ರಾಸ್ ಬಳಿಯ ಸಿಟಿಆರ್ (ಸೆಂಟ್ರಲ್ ಟಿಫಿನ್ ರೂಮ್) ಹೋಟೆಲಿನಲ್ಲಿ ಬೆಣ್ಣೆ ಮಸಾಲೆ ದೋಸೆಯನ್ನು ಇಬ್ಬರಿಗೆ ಒಂದರಂತೆ ತೆಗೆದುಕೊಂಡರೆ, 15ನೇ ಕ್ರಾಸ್‌ನ ವೀಣಾ ಸ್ಟೋರ್ಸ್‌ನಲ್ಲಿ ನಿಂತುಕೊಂಡೇ ತಿನ್ನುವ ಮೆತ್ತನೆಯ ಇಡ್ಲಿ, ಚಟ್ನಿಗೂ ಹೊಟ್ಟೆಯಲ್ಲಿ ಜಾಗ ಉಳಿಯುತ್ತದೆ. ಆ ಚಟ್ನಿಯನ್ನು ಮಾತ್ರ ದಯವಿಟ್ಟು ತಪ್ಪಿಸಿಕೊಳ್ಳಬೇಡಿ.

ಎರಡರ ನಡುವಿನ ನಡಿಗೆಯನ್ನು ಮುಖ್ಯರಸ್ತೆಯಲ್ಲಿ ಮುಗಿಸದೆ ಒಳರಸ್ತೆಗಳಲ್ಲಿ ಸಾಗಿರಿ. 1898ರ ಪ್ಲೇಗ್ ಹಾವಳಿಯ ಬಳಿಕ, ಕಿಕ್ಕಿರಿದ ಪೇಟೆಯ ಹೊರಗೆ ಗಾಳಿ ಬೆಳಕಿರುವಂತೆ ರೂಪಿಸಿದ ಬಡಾವಣೆಯಿದು. ಜಗಲಿ, ಹೆಂಚಿನ ಮಾಡು, ಅಂಗಳದ ಮರಗಳುಳ್ಳ ಕೆಲವು ಹಳೆಯ ಮನೆಗಳು ಅಪಾರ್ಟ್‌ಮೆಂಟುಗಳ ನಡುವೆ ಇನ್ನೂ ಉಳಿದಿವೆ. ಅವುಗಳಲ್ಲಿ ಜನ ವಾಸಿಸುತ್ತಿರುವುದರಿಂದ ಕೇಳದೆ ಗೇಟಿನೊಳಗೆ ಫೋಟೊ ತೆಗೆಯಬಾರದು. 17ನೇ ಶತಮಾನದ ಕಾಡು ಮಲ್ಲೇಶ್ವರ ದೇವಸ್ಥಾನವನ್ನೂ, ಎದುರಿನಲ್ಲಿ ನಂದಿಯ ಬಾಯಿಯಿಂದ ನೀರು ಶಿವಲಿಂಗದ ಮೇಲೆ ಬೀಳುವ ನಂದಿ ತೀರ್ಥವನ್ನೂ ಮಧ್ಯಾಹ್ನ ಬಾಗಿಲು ಮುಚ್ಚುವ ಮುನ್ನವೇ ನೋಡಿಬಿಡಿ.