ಹುಬ್ಬಳ್ಳಿಯ ಗಾಣದ ಎಣ್ಣೆ ಗೂಗಲ್‌ನಲ್ಲಿ ಕಾಣುವಂತೆ ಮಾಡುವುದು ಹೇಗೆ: ಸಣ್ಣ ಉದ್ದಿಮೆಗಳಿಗೆ ಎಸ್‌ಇಒ

ಎಸ್‌ಇಒ, ಅಂದರೆ ಗೂಗಲ್ ಹುಡುಕಾಟದಲ್ಲಿ ಮೇಲೆ ಕಾಣಿಸಿಕೊಳ್ಳಲು ಮಾಡುವ ಕೆಲಸ, ಎಂದೊಡನೆ ಬಹಳಷ್ಟು ಸಣ್ಣ ವ್ಯಾಪಾರಿಗಳು ಮೊದಲು ವೆಬ್‌ಸೈಟ್ ಮಾಡಿಸಲು ಹಣ ತೆಗೆದಿಡುತ್ತಾರೆ. ಊರಿನ ಗಿರಾಕಿಗಳನ್ನೇ ನಂಬಿದ ಅಂಗಡಿಗೆ ಈ ಕ್ರಮ ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಹುಬ್ಬಳ್ಳಿಯಲ್ಲಿ ಮರದ ಗಾಣದಿಂದ ಶೇಂಗಾ, ಕುಸುಬೆ, ಕೊಬ್ಬರಿ ಎಣ್ಣೆ ತೆಗೆದು ಮಾರುವ ಒಂದು ಅಂಗಡಿ ಇದೆ ಎಂದಿಟ್ಟುಕೊಳ್ಳೋಣ. ಅದೇ ಊರಿನವರೊಬ್ಬರು ಮೊಬೈಲಿನಲ್ಲಿ ಗಾಣದ ಎಣ್ಣೆ ಎಂದು ಹುಡುಕಿದಾಗ ಸಾಮಾನ್ಯವಾಗಿ ಮೇಲ್ಭಾಗದಲ್ಲಿ ಕಾಣುವುದು ನಕ್ಷೆ ಮತ್ತು ಅದರ ಕೆಳಗಿನ ಮೂರು ಅಂಗಡಿಗಳ ಹೆಸರು. ವೆಬ್‌ಸೈಟ್‌ಗಳ ಸಾಲು ಆರಂಭವಾಗುವುದು ಅದರ ನಂತರ. ಆದ್ದರಿಂದ ಮೊದಲ ಕೆಲಸ ಆ ನಕ್ಷೆಯಲ್ಲಿ ಸ್ಥಾನ ಪಡೆಯುವುದು.

ಇದಕ್ಕೆ ಬೇಕಾದದ್ದು ಗೂಗಲ್ ಬಿಸಿನೆಸ್ ಪ್ರೊಫೈಲ್, ಅಂದರೆ ಅಂಗಡಿಯ ವಿವರಗಳನ್ನು ಗೂಗಲ್‌ನಲ್ಲಿ ದಾಖಲಿಸುವ ಪುಟ. 2021ರವರೆಗೆ ಗೂಗಲ್ ಮೈ ಬಿಸಿನೆಸ್ ಎಂದು ಕರೆಯಲಾಗುತ್ತಿದ್ದ ಈ ಸೇವೆ ಸಂಪೂರ್ಣ ಉಚಿತ. ನೋಂದಣಿಗೆ ಶುಲ್ಕ ಕಟ್ಟಬೇಕೆಂದು ಯಾರಾದರೂ ಕರೆ ಮಾಡಿದರೆ ಆ ಕರೆಯನ್ನು ಅಲ್ಲಿಗೇ ಮುಗಿಸಬಹುದು. ನೋಂದಾಯಿಸುವಾಗ ಅಂಗಡಿಯ ಬೋರ್ಡಿನ ಮೇಲಿರುವ ಹೆಸರನ್ನೇ ಬರೆಯಬೇಕು. ಹೆಸರಿನ ಹಿಂದೆ "ಹುಬ್ಬಳ್ಳಿಯ ಅತ್ಯುತ್ತಮ ಗಾಣದ ಎಣ್ಣೆ" ಎಂಬಂಥ ಬಾಲವನ್ನು ಅಂಟಿಸುವುದು ಗೂಗಲ್‌ನ ನಿಯಮಕ್ಕೆ ವಿರುದ್ಧವಾಗಿದ್ದು, ಯಾರಾದರೂ ದೂರು ಕೊಟ್ಟರೆ ಪ್ರೊಫೈಲೇ ಅಮಾನತಾಗುವ ಸಾಧ್ಯತೆ ಇದೆ. ಮಾಲೀಕತ್ವವನ್ನು ಖಚಿತಪಡಿಸಲು ಈಗ ಅನೇಕ ಬಾರಿ ವಿಡಿಯೋ ಕೇಳಲಾಗುತ್ತದೆ. ರಸ್ತೆ, ಬೋರ್ಡು, ಒಳಗಿನ ಗಾಣ ಇವೆಲ್ಲ ಒಂದೇ ಓಟದಲ್ಲಿ ಕಾಣುವಂತೆ ಚಿತ್ರೀಕರಿಸಿದರೆ ಕೆಲಸ ಬೇಗ ಮುಗಿಯುತ್ತದೆ.

ಸ್ಥಳೀಯ ಫಲಿತಾಂಶಗಳ ಕ್ರಮವನ್ನು ತಾನು ಮುಖ್ಯವಾಗಿ ಮೂರು ಅಂಶಗಳಿಂದ ನಿರ್ಧರಿಸುವುದಾಗಿ ಗೂಗಲ್ ಹೇಳುತ್ತದೆ: ಹುಡುಕಿದ ವಿಷಯಕ್ಕೂ ಅಂಗಡಿಗೂ ಇರುವ ಸಂಬಂಧ, ಹುಡುಕುವವರಿಂದ ಇರುವ ದೂರ ಮತ್ತು ಅಂಗಡಿಯ ಹೆಸರುವಾಸಿ. ದೂರವನ್ನು ಬದಲಿಸಲು ಯಾರಿಂದಲೂ ಆಗದು. ಸಂಬಂಧವನ್ನು ಸ್ಪಷ್ಟಪಡಿಸಲು ಪ್ರೊಫೈಲಿನಲ್ಲಿ ಸರಿಯಾದ ಮುಖ್ಯ ವರ್ಗವನ್ನು, ಅಂದರೆ ಅದು ಯಾವ ಬಗೆಯ ಅಂಗಡಿ ಎಂಬುದನ್ನು, ಆರಿಸಿ, ಮಾರುವ ಪ್ರತಿಯೊಂದು ಎಣ್ಣೆಯನ್ನೂ ಉತ್ಪನ್ನಗಳ ಪಟ್ಟಿಯಲ್ಲಿ ಸೇರಿಸಬೇಕು. ವಾರದ ರಜೆಯನ್ನೂ ಹಬ್ಬದ ರಜೆಯನ್ನೂ ನಮೂದಿಸುವುದನ್ನು ಬಹಳ ಮಂದಿ ಮರೆಯುತ್ತಾರೆ. ತೆರೆದಿದೆ ಎಂದು ತೋರಿಸುವ ಪ್ರೊಫೈಲನ್ನು ನಂಬಿ ಧಾರವಾಡದಿಂದ ಬಂದು ಮುಚ್ಚಿದ ಬಾಗಿಲನ್ನು ನೋಡಿದವರು ಒಂದು ಸ್ಟಾರ್ ಕೊಟ್ಟೇ ಹಿಂದಿರುಗುತ್ತಾರೆ.

ಹೆಸರುವಾಸಿಯಲ್ಲಿ ದೊಡ್ಡ ಪಾಲು ಗಿರಾಕಿಗಳ ವಿಮರ್ಶೆಗಳದ್ದು. ಬಿಲ್ ಕೊಡುವ ಜಾಗದಲ್ಲಿ ಕ್ಯೂಆರ್ ಕೋಡ್ ಅಂಟಿಸಿ ಎಲ್ಲರನ್ನೂ ಕೇಳಬಹುದು. ಆದರೆ ವಿಮರ್ಶೆಗೆ ಬದಲಾಗಿ ರಿಯಾಯಿತಿ ಕೊಡುವುದಕ್ಕಾಗಲಿ, ಸಂತುಷ್ಟ ಗಿರಾಕಿಗಳನ್ನು ಮಾತ್ರ ಆರಿಸಿ ಕೇಳುವುದಕ್ಕಾಗಲಿ ಅವಕಾಶವಿಲ್ಲ. ಬಂದ ವಿಮರ್ಶೆಗೆ, ವಿಶೇಷವಾಗಿ ಕೆಟ್ಟದ್ದಕ್ಕೆ, ಎರಡು ಸಾಲಿನ ಶಾಂತವಾದ ಉತ್ತರ ಕೊಡಬೇಕು. ಅದನ್ನು ಓದುವವರು ಮುಂದಿನ ಗಿರಾಕಿಗಳು.

ಇನ್ನು ಪದಗಳ ವಿಚಾರ, ಅಂದರೆ ಕೀವರ್ಡ್‌ಗಳು. ಅಂಗಡಿಯವರು ಬಳಸುವ ಪದವನ್ನೇ ಗಿರಾಕಿಗಳೂ ಬಳಸುತ್ತಾರೆಂದು ಭಾವಿಸುವುದು ಎಲ್ಲಕ್ಕಿಂತ ದುಬಾರಿಯಾದ ತಪ್ಪು. ಹುಬ್ಬಳ್ಳಿಯಲ್ಲಿ ಶೇಂಗಾ ಎಣ್ಣೆಯಾದದ್ದು ಮೈಸೂರಿನವರಿಗೆ ಕಡಲೆಕಾಯಿ ಎಣ್ಣೆ, ಮಂಗಳೂರಿನವರಿಗೆ ನೆಲಗಡಲೆ ಎಣ್ಣೆ. ನಗರಗಳ ಹೊಸ ತಲೆಮಾರಿನವರು ಕೋಲ್ಡ್ ಪ್ರೆಸ್ಡ್ ಅಥವಾ ವುಡ್ ಪ್ರೆಸ್ಡ್ ಎಂದು ಹುಡುಕುತ್ತಾರೆ. ಕನ್ನಡದ ಪದವನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡುವವರೂ ಧಾರಾಳವಾಗಿದ್ದಾರೆ. ಕೊರಿಯರ್ ಮೂಲಕ ರಾಜ್ಯದಾದ್ಯಂತ ಮಾರುವ ಉದ್ದೇಶವಿದ್ದರೆ ಈ ಹೆಸರುಗಳೆಲ್ಲ ವೆಬ್‌ಸೈಟ್ ಪುಟದ ವಾಕ್ಯಗಳಲ್ಲಿ ಸಹಜವಾಗಿ ಒಂದೆರಡು ಬಾರಿ ಬರಬೇಕು, ಊರಿನಲ್ಲೇ ಮಾರುವುದಾದರೆ ಊರಿನ ಮಾತೇ ಸಾಕು. ಊರಿನ ಹೆಸರಿಗೂ ಇದೇ ಮಾತು ಅನ್ವಯಿಸುತ್ತದೆ. 2014ರ ನವೆಂಬರ್ 1ರಂದು ಹುಬ್ಬಳ್ಳಿ, ಬೆಳಗಾವಿ, ಕಲಬುರಗಿ ಸೇರಿ ರಾಜ್ಯದ 12 ನಗರಗಳ ಇಂಗ್ಲಿಷ್ ಹೆಸರು ಬದಲಾದರೂ ಹುಬ್ಲಿ ಎಂದೇ ಟೈಪ್ ಮಾಡುವವರು ಇಂದಿಗೂ ಇದ್ದಾರೆ. ಗೂಗಲ್ ಬಹುಮಟ್ಟಿಗೆ ಎರಡನ್ನೂ ಒಂದೇ ಊರೆಂದು ಗುರುತಿಸುತ್ತದೆಯಾದ್ದರಿಂದ ಇಂಗ್ಲಿಷ್ ಪುಟದಲ್ಲಿ ಹಳೆಯ ಹೆಸರನ್ನು ಒಮ್ಮೆ ಬಳಸಿದರೆ ಸಾಕು.

ಪದಗಳನ್ನು ಕಂಡುಕೊಳ್ಳಲು ದುಬಾರಿ ಸಾಫ್ಟ್‌ವೇರ್ ಬೇಕಿಲ್ಲ. ಹುಡುಕಾಟದ ಪೆಟ್ಟಿಗೆಯಲ್ಲಿ ಅರ್ಧ ಟೈಪ್ ಮಾಡಿದಾಗ ಗೂಗಲ್ ತಾನೇ ಕೊಡುವ ಸಲಹೆಗಳು, ಯಾವ ಪದಕ್ಕೆ ಹುಡುಕಾಟ ಹೆಚ್ಚೆಂದು ತೋರಿಸುವ ಗೂಗಲ್ ಟ್ರೆಂಡ್ಸ್, ಮತ್ತು ಇವೆರಡಕ್ಕಿಂತ ಹೆಚ್ಚಾಗಿ ಅಂಗಡಿಯ ವಾಟ್ಸ್‌ಆ್ಯಪ್‌ಗೆ ದಿನವೂ ಬರುವ ಪ್ರಶ್ನೆಗಳು ಒಳ್ಳೆಯ ಮೂಲಗಳು. ಒಂದು ಲೀಟರ್ ಎಣ್ಣೆಗೆ ಎಷ್ಟು ಕಿಲೋ ಶೇಂಗಾ ಬೇಕು, ತಳದಲ್ಲಿ ಗಸಿ ಏಕೆ ಉಳಿಯುತ್ತದೆ, ಎಷ್ಟು ತಿಂಗಳು ಇಡಬಹುದು, ನಮ್ಮ ಹೊಲದ ಶೇಂಗಾ ತಂದರೆ ಎಣ್ಣೆ ತೆಗೆದುಕೊಡುತ್ತೀರಾ, ಕೂಲಿ ಎಷ್ಟು: ಇಂತಹ ಪ್ರಶ್ನೆಗಳಿಗೆ ಗಾಣದ ಮಾಲೀಕರು ತಮ್ಮ ಅನುಭವದಿಂದ ಬರೆದ ನೇರವಾದ ಉತ್ತರವನ್ನು ಬೆಂಗಳೂರಿನ ಯಾವ ಜಾಹೀರಾತು ಕಂಪನಿಯೂ ಬರೆದುಕೊಡಲಾರದು. ಉತ್ಸಾಹದಲ್ಲಿ ಈ ಎಣ್ಣೆಯಿಂದ ಸಕ್ಕರೆ ಕಾಯಿಲೆ ವಾಸಿಯಾಗುತ್ತದೆ ಎಂದು ಮಾತ್ರ ಬರೆಯಬಾರದು. ಆರೋಗ್ಯದ ವಿಷಯದಲ್ಲಿ ಗೂಗಲ್ ಹೆಚ್ಚು ಕಟ್ಟುನಿಟ್ಟು. ಮೇಲಾಗಿ 2006ರ ಆಹಾರ ಸುರಕ್ಷತಾ ಕಾಯ್ದೆಯ ಪ್ರಕಾರ ಆಹಾರದ ಬಗ್ಗೆ ದಾರಿತಪ್ಪಿಸುವ ಜಾಹೀರಾತು ದಂಡನಾರ್ಹ.

ಕನ್ನಡದಲ್ಲಿ ಬರೆಯುವವರು ಎಚ್ಚರ ವಹಿಸಬೇಕಾದ ಇನ್ನೊಂದು ವಿಷಯವಿದೆ. ಡಿಟಿಪಿ ಅಂಗಡಿಯಲ್ಲಿ ಕರಪತ್ರಕ್ಕೆಂದು ನುಡಿ ಅಥವಾ ಬರಹದ ಇಂಗ್ಲಿಷ್ ಅಕ್ಷರಗಳ ಸಂಕೇತವನ್ನೇ ಬಳಸಿ ಕನ್ನಡ ತೋರಿಸುವ ಹಳೆಯ ಆಸ್ಕಿ ಫಾಂಟ್‌ಗಳಲ್ಲಿ ಟೈಪ್ ಮಾಡಿಸಿದ ಪಠ್ಯವನ್ನು ಹಾಗೆಯೇ ವೆಬ್‌ಸೈಟ್‌ಗೆ ಅಂಟಿಸಿದರೆ ಅದು ಯಂತ್ರದ ಪಾಲಿಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಷ್ಟೆ. ಅದನ್ನು ಎಲ್ಲ ಯಂತ್ರಗಳೂ ಕನ್ನಡವೆಂದೇ ಓದಬಲ್ಲ ಅಕ್ಷರ ಪದ್ಧತಿಯಾದ ಯೂನಿಕೋಡ್‌ಗೆ ಪರಿವರ್ತಿಸುವ ಉಚಿತ ಸಾಧನಗಳಿವೆ; ಪರಿವರ್ತಿಸಿದ ಮೇಲೆ ಒತ್ತಕ್ಷರಗಳನ್ನು ಒಮ್ಮೆ ಕಣ್ಣಾರೆ ತಿದ್ದಬೇಕು. ಯಂತ್ರಕ್ಕೆ ಓದಲು ಕಷ್ಟವಾಗುವಂತೆ ಬೆಲೆಪಟ್ಟಿಯನ್ನು ಪೋಸ್ಟರ್ ಚಿತ್ರವಾಗಿ ಹಾಕುವ ರೂಢಿಯೂ ಬಿಡಬೇಕಾದದ್ದೇ.

ವೆಬ್‌ಸೈಟ್ ಮಾಡಿಸುವ ಹೊತ್ತು ಬಂದಾಗ ಪ್ರತಿ ಎಣ್ಣೆಗೂ ಪ್ರತ್ಯೇಕ ಪುಟ ಇರಲಿ, ಪ್ರತಿ ಪುಟಕ್ಕೂ ಅದರದೇ ಶೀರ್ಷಿಕೆ ಇರಲಿ. "ಮುಖಪುಟ" ಎಂಬ ಶೀರ್ಷಿಕೆ ಯಾರಿಗೂ ಏನನ್ನೂ ಹೇಳುವುದಿಲ್ಲ. "ಮರದ ಗಾಣದ ಕುಸುಬೆ ಎಣ್ಣೆ, ಹುಬ್ಬಳ್ಳಿ" ಎಂದರೆ ಎಲ್ಲವೂ ತಿಳಿಯುತ್ತದೆ. ವಿಳಾಸ ಮತ್ತು ಫೋನ್ ಸಂಖ್ಯೆ ಪ್ರೊಫೈಲಿನಲ್ಲಿ ಇರುವಂತೆಯೇ ಇರಬೇಕು. ಕನ್ನಡಕ್ಕೂ ಇಂಗ್ಲಿಷಿಗೂ ಬೇರೆ ಬೇರೆ ಪುಟಗಳನ್ನು ಮಾಡಿ, ಅವೆರಡರ ನಂಟನ್ನು, ಪುಟದ ಭಾಷೆಯನ್ನು ಗೂಗಲ್‌ಗೆ ತಿಳಿಸುವ ಸಂಕೇತವಾದ ಹೆಚ್‌ರೆಫ್‌ಲ್ಯಾಂಗ್ ಮೂಲಕ ಸೂಚಿಸುವಂತೆ ವೆಬ್‌ಸೈಟ್ ಮಾಡುವವರಿಗೆ ಹೇಳಬೇಕು. ಗೂಗಲ್ ಈಗ ಪುಟದ ಮೊಬೈಲ್ ರೂಪವನ್ನೇ ಓದಿ ದಾಖಲಿಸಿಕೊಳ್ಳುವುದರಿಂದ ಕಂಪ್ಯೂಟರಿನಲ್ಲಿ ಎಷ್ಟು ಅಂದವಾಗಿ ಕಾಣುತ್ತದೆ ಎಂಬುದು ಎರಡನೆಯ ಮಾತು. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಿಸಬೇಕೆಂಬುದು ಅದರ ಮಾನದಂಡ. ಗೂಗಲ್‌ನದೇ ಪೇಜ್‌ಸ್ಪೀಡ್ ಇನ್‌ಸೈಟ್ಸ್ ಎಂಬ ಸಾಧನದಲ್ಲಿ ಇದನ್ನು ಉಚಿತವಾಗಿ ಪರೀಕ್ಷಿಸಬಹುದು. ಸಾಮಾನ್ಯವಾಗಿ ತಡವಾಗುವುದು ಮೊಬೈಲಿನಿಂದ ತೆಗೆದು ಕುಗ್ಗಿಸದೆ ಹಾಕಿದ ಫೋಟೋಗಳಿಂದ.

ಊರೂರಿಗೆ ಒಂದೊಂದು ಪುಟ ಮಾಡಿ ನವಲಗುಂದ, ಕಲಘಟಗಿ, ಕುಂದಗೋಳ ಎಂದು ಹೆಸರನ್ನಷ್ಟೇ ಬದಲಿಸುವ ಸಲಹೆಯನ್ನು ಕೆಲವರು ಕೊಡುತ್ತಾರೆ. ಗೂಗಲ್‌ನ ಸ್ಪ್ಯಾಮ್ ನಿಯಮಗಳು ಇದನ್ನು ಹೆಸರಿಟ್ಟೇ ನಿಷೇಧಿಸಿವೆ, ಬೇರೆ ವೆಬ್‌ಸೈಟ್‌ಗಳಿಂದ ನಿಮ್ಮ ಪುಟಕ್ಕೆ ಬರುವ ಲಿಂಕ್‌ಗಳನ್ನು ಹಣಕೊಟ್ಟು ಕೊಳ್ಳುವುದನ್ನೂ ನಿಷೇಧಿಸಿವೆ. ಮೊದಲ ಸ್ಥಾನದ ಭರವಸೆಯನ್ನು ಯಾರೂ ಕೊಡಲಾರರೆಂದು ಗೂಗಲ್ಲೇ ಹೇಳಿರುವುದರಿಂದ ಅಂಥ ಭರವಸೆ ಕೊಡುವವರಿಗೆ ಮುಂಗಡ ಕೊಡುವ ಅಗತ್ಯವಿಲ್ಲ. ಪ್ರಾಮಾಣಿಕವಾಗಿ ಮಾಡಿದ ಕೆಲಸದ ಫಲ ಕಾಣಲು ಸಾಮಾನ್ಯವಾಗಿ ನಾಲ್ಕು ತಿಂಗಳಿಂದ ಒಂದು ವರ್ಷ ಹಿಡಿಯುತ್ತದೆ ಎಂಬುದೂ ಅದರದೇ ಮಾತು. ಕೆಲಸವನ್ನು ಯಾರಿಗೆ ವಹಿಸಿದರೂ ವೆಬ್‌ಸೈಟ್‌ನ ವಿಳಾಸವಾದ ಡೊಮೇನ್ ನಿಮ್ಮ ಹೆಸರಿನಲ್ಲಿ ನೋಂದಣಿಯಾಗಿರಲಿ, ಪ್ರೊಫೈಲಿನ ಮಾಲೀಕತ್ವ ನಿಮ್ಮ ಇಮೇಲ್‌ನಲ್ಲೇ ಇರಲಿ, ಕೆಲಸ ವಹಿಸಿಕೊಂಡವರಿಗೆ ಮ್ಯಾನೇಜರ್ ಅಧಿಕಾರವಷ್ಟೇ ಇರಲಿ.

ಫಲಿತಾಂಶವನ್ನು ಅಳೆಯಲು ಗೂಗಲ್‌ನ ಸರ್ಚ್ ಕನ್ಸೋಲ್ ಎಂಬ ಸಾಧನ ಇದೆ. ಜನರು ಯಾವ ಪದಗಳನ್ನು ಹುಡುಕಿದಾಗ ನಿಮ್ಮ ಪುಟ ಕಾಣಿಸಿತು, ಎಷ್ಟು ಮಂದಿ ಒತ್ತಿದರು ಎಂಬ 16 ತಿಂಗಳ ಲೆಕ್ಕವನ್ನು ಅದು ಉಚಿತವಾಗಿ ಕೊಡುತ್ತದೆ. ತಿಂಗಳಿಗೊಮ್ಮೆ ನೋಡಿದರೆ ಸಾಕು. ಹೆಚ್ಚು ಬಾರಿ ಕಾಣಿಸಿಯೂ ಯಾರೂ ಒತ್ತದ ಪುಟವಿದ್ದರೆ ಮೊದಲು ಅದರ ಶೀರ್ಷಿಕೆಯನ್ನು ತಿದ್ದಿ ನೋಡಬೇಕು. ನೀವು ಎಣಿಸದ ಪದಗಳೂ ಆ ಪಟ್ಟಿಯಲ್ಲಿ ಸಿಗುತ್ತವೆ: ಎಣ್ಣೆಯ ಪುಟದಲ್ಲಿ ಎಲ್ಲೋ ಒಂದು ಕಡೆ ಶೇಂಗಾ ಹಿಂಡಿಯ ಪ್ರಸ್ತಾಪವಿದ್ದು, ಅದನ್ನೇ ಹುಡುಕಿ ಬರುವವರು ಕಾಣಿಸತೊಡಗಿದರೆ, ಅವರು ಬಹುಶಃ ಎಮ್ಮೆ ಆಕಳು ಕಟ್ಟಿದವರು, ಹಿಂಡಿಯ ಇಂದಿನ ದರ, ಚೀಲದ ತೂಕ ಮತ್ತು ಸಿಗುವ ದಿನಗಳನ್ನು ಬರೆದು ಅದಕ್ಕೆ ಪ್ರತ್ಯೇಕ ಪುಟ ಮಾಡಬೇಕು.